ಹಳೆಯ ಅಂಬಾಸಿಡರಿನ ಬ್ರೇಕ್: ಪಾನಾ ಹಿಡಿಯುವ ಮೊದಲು ಪೆಡಲ್ ಒತ್ತಿ ನೋಡಿ

ಉತ್ತರ ಕನ್ನಡದಲ್ಲಿ ಹಳೆಯ ಕಾರಿನ ಬ್ರೇಕ್ ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ಕಾರವಾರ, ಅಂಕೋಲಾ, ಕುಮಟಾ ಕಡೆ ಉಪ್ಪುಗಾಳಿ. ಶಿರಸಿ, ಸಿದ್ದಾಪುರ ಕಡೆ ಮಳೆಗಾಲವಿಡೀ ಆರದ ತೇವ ಮತ್ತು ಕೆಂಪು ಕೆಸರು. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತ ಅಂಬಾಸಿಡರನ್ನು ಮತ್ತೆ ರಸ್ತೆಗೆ ತರಲು ಹೊರಟವರು ಎಂಜಿನ್ನಿಗೆ ಕೊಡುವ ಗಮನದ ಅರ್ಧವನ್ನೂ ಬ್ರೇಕಿಗೆ ಕೊಡುವುದಿಲ್ಲ. ಕೊನೆಗೆ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಎಂದು ಗೊತ್ತಾದಾಗ ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಬದಲಿಸುತ್ತಾರೆ, ಆಮೇಲೆ ಡ್ರಮ್ಮಿಗೆ ಒತ್ತುವ ಶೂ, ಆಮೇಲೆ ಆಯಿಲಿನ ರಬ್ಬರ್ ಕೊಳವೆಯಾದ ಹೋಸ್. ಹಣ ಖರ್ಚಾಗುತ್ತದೆ, ದೋಷ ಇದ್ದಲ್ಲೇ ಇರುತ್ತದೆ.

ದೋಷ ಇರಬಹುದಾದ ಜಾಗಗಳು ಮೂರೇ. ಬ್ರೇಕ್ ಆಯಿಲ್ ಸಾಗುವ ದಾರಿ, ಶೂ ಮೇಲಿನ ಲೈನಿಂಗ್ ಚಕ್ರದೊಂದಿಗೆ ತಿರುಗುವ ಡ್ರಮ್ಮಿಗೆ ಉಜ್ಜುವ ಜಾಗ, ಮತ್ತು ಸ್ಪ್ರಿಂಗ್, ಕೇಬಲ್, ರಾಡುಗಳ ಭಾಗ. ಇವುಗಳಲ್ಲಿ ಯಾವುದು ಎಂಬುದು ಒಂದು ಬೋಲ್ಟನ್ನೂ ಬಿಚ್ಚದೆ ಕಾಲಿಗೆ ತಿಳಿಯುತ್ತದೆ. ಅದನ್ನು ತಿಳಿದುಕೊಂಡೇ ಕೆಲಸಕ್ಕೆ ಇಳಿಯಬೇಕು.

ಇಲ್ಲಿ ಬರೆದಿರುವುದೆಲ್ಲ ಅಂಬಾಸಿಡರನ್ನು ಎದುರಿಗಿಟ್ಟುಕೊಂಡು. ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯಿಂದ ಬಂದ ಈ ಕಾರಿನ ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಆಯಿಲಿಗೆ ಒಂದೇ ಸರ್ಕ್ಯೂಟ್. ಎಲ್ಲಿ ಒಂದು ಪೈಪ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ, ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ. ಆದ್ದರಿಂದ ಮೊದಲು ಹ್ಯಾಂಡ್ ಬ್ರೇಕ್ ಸರಿಮಾಡಿಕೊಳ್ಳಿ, ಉಳಿದದ್ದು ಆಮೇಲೆ. ಪ್ರೀಮಿಯರ್ ಪದ್ಮಿನಿಗೂ ತತ್ವ ಇದೇ, ಅಳತೆಗಳು ಬೇರೆ.

ಇನ್ನೊಂದು ಮಾತು. ನಮ್ಮಲ್ಲಿ ಚಿರೆಕಲ್ಲು ಅಂಗಳದಲ್ಲೇ ಸಿಗುತ್ತದೆ ಎಂದು ಜಾಕ್ ಏರಿಸಿ ಕಾರನ್ನು ಅದರ ಮೇಲೆ ಕೂರಿಸುವವರಿದ್ದಾರೆ. ದಯವಿಟ್ಟು ಬೇಡ. ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಚಿರೆಕಲ್ಲು ಸೂಚನೆ ಕೊಡದೆ ಒಡೆಯುತ್ತದೆ. ಜಾಕ್ ಸ್ಟ್ಯಾಂಡ್ ತಂದುಕೊಳ್ಳಿ, ಗಟ್ಟಿ ನೆಲದ ಮೇಲೆ ಇಡಿ.

ಪೆಡಲ್ ಪರೀಕ್ಷೆ

ಕಾರು ನಿಂತಿರಲಿ, ಎಂಜಿನ್ ಬಂದ್ ಇರಲಿ. ಪೆಡಲನ್ನು ಒಮ್ಮೆ ಸಾಮಾನ್ಯವಾಗಿ ಒತ್ತಿ ಎಲ್ಲಿ ನಿಲ್ಲುತ್ತದೆ ನೋಡಿ. ಬಿಟ್ಟು ಬೇಗ ಬೇಗ ಮೂರು ನಾಲ್ಕು ಸಲ ಪಂಪ್ ಮಾಡಿ, ನಂತರ ಒತ್ತಿ ಹಿಡಿದು ಒಂದು ನಿಮಿಷ ಕಾಲು ಹಾಗೆಯೇ ಇಡಿ.

ಮೊದಲ ಒತ್ತಿನಲ್ಲಿ ತುಂಬಾ ಕೆಳಗೆ ಹೋಗಿ, ಪಂಪ್ ಮಾಡಿದ ಮೇಲೆ ಮೇಲಕ್ಕೆ ಬಂದು ಕಲ್ಲಿನಂತೆ ಗಟ್ಟಿಯಾದರೆ ಆಯಿಲಿನ ದಾರಿಯಲ್ಲಿ ತೊಂದರೆಯಿಲ್ಲ. ಶೂ ಮತ್ತು ಡ್ರಮ್ಮಿನ ನಡುವೆ ಅಂತರ ಹೆಚ್ಚಾಗಿದೆ, ಅಡ್ಜಸ್ಟ್ ಮಾಡಬೇಕು. ಮಾಸ್ಟರ್ ಸಿಲಿಂಡರ್ ಮೇಲೆ ಅನ್ಯಾಯವಾಗಿ ಆರೋಪ ಬರುವುದು ಹೆಚ್ಚಾಗಿ ಈ ಲಕ್ಷಣದಿಂದಲೇ.

ಪಂಪ್ ಮಾಡಿದಾಗ ಮೇಲೆ ಬಂದರೂ ಕಾಲಿಗೆ ಮೆತ್ತಗೆ ಸಿಕ್ಕರೆ ಲೈನಿನಲ್ಲಿ ಏರ್ ಇದೆ, ಇಲ್ಲವೇ ಹಳೆಯ ಹೋಸ್ ಒತ್ತಡಕ್ಕೆ ಉಬ್ಬುತ್ತಿದೆ. ಗಟ್ಟಿಯಾಗಿ ನಿಂತ ಪೆಡಲ್ ನಿಮಿಷದೊಳಗೆ ನಿಧಾನವಾಗಿ ಇಳಿಯತೊಡಗಿದರೆ ಎಲ್ಲೋ ಸೋರುತ್ತಿದೆ. ಹೊರಗೆ ಸೋರಿದರೆ ಆಯಿಲಿನ ಮಟ್ಟ ಇಳಿಯುತ್ತದೆ. ಮಟ್ಟ ಇಳಿಯದೆ ಪೆಡಲ್ ಮಾತ್ರ ಇಳಿದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ ಒತ್ತಡವನ್ನು ಹಿಂದಕ್ಕೆ ಬಿಡುತ್ತಿದೆ. ಪೆಡಲ್ ಮೊದಲಿಂದಲೂ ಗಟ್ಟಿ, ಆದರೆ ಕಾರು ನಿಲ್ಲುವುದಿಲ್ಲ ಎಂದಾದರೆ ಹುಡುಕಬೇಕಾದದ್ದು ಡ್ರಮ್ಮಿನೊಳಗೆ.

ಮೆತ್ತನೆಯ ಪೆಡಲ್: ಹೋಸ್ ಕ್ಲಾಂಪ್ ಪರೀಕ್ಷೆ

ಏರ್ ಎಲ್ಲಿದೆ, ಯಾವ ಹೋಸ್ ಉಬ್ಬುತ್ತಿದೆ ಎಂದು ಊಹಿಸುತ್ತ ಕೂರುವ ಅಗತ್ಯವಿಲ್ಲ. ಅಂಬಾಸಿಡರಿನಲ್ಲಿ ಮೂರು ಹೋಸ್‌ಗಳಿವೆ: ಮುಂದಿನ ಚಕ್ರಗಳಿಗೆ ಒಂದೊಂದು, ಹಿಂದಿನ ಆಕ್ಸಲ್ಲಿಗೆ ಒಂದು. ದುಂಡು ಅಂಚಿನ ಹೋಸ್ ಕ್ಲಾಂಪಿನಿಂದ ಮೂರನ್ನೂ ಅದುಮಿ ಪೆಡಲ್ ಒತ್ತಿ. ಮೇಲೆಯೇ ಗಟ್ಟಿಯಾಗಿ ನಿಂತರೆ ಮಾಸ್ಟರ್ ಸಿಲಿಂಡರ್ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಆಗಲೂ ಮೆತ್ತಗಿದ್ದರೆ ಅಥವಾ ಇಳಿದರೆ ತೊಂದರೆ ಅಲ್ಲೇ. ಗಟ್ಟಿ ನಿಂತಿದ್ದರೆ ಒಂದೊಂದೇ ಕ್ಲಾಂಪ್ ಬಿಡುತ್ತ ಹೋಗಿ, ಯಾವುದನ್ನು ಬಿಟ್ಟಾಗ ಪೆಡಲ್ ಅಳತೆ ಮೀರಿ ಇಳಿಯುತ್ತದೋ ದೋಷ ಆ ಚಕ್ರದ ಕಡೆ.

ಇಕ್ಕಳದಿಂದಲೋ ಲಾಕ್ ಆಗುವ ಪ್ಲೈಯರ್‌ನಿಂದಲೋ ಹೋಸನ್ನು ಅದುಮಬೇಡಿ, ಒಳಪದರ ಹರಿಯುತ್ತದೆ. ಮೈಮೇಲೆ ಬಿರುಕು ಬಿಟ್ಟ ಹೋಸನ್ನಂತೂ ಪರೀಕ್ಷಿಸುವುದೂ ಬೇಡ, ನೇರವಾಗಿ ಬದಲಿಸಿ. ಎಷ್ಟು ವರ್ಷದ್ದು ಎಂದು ತಿಳಿಯದ ಹೋಸ್ ಇರುವ ಕಾರನ್ನು ನಾನು ಘಟ್ಟ ಇಳಿಸುವುದಿಲ್ಲ.

ಏರ್ ತೆಗೆಯುವುದು

ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರುಮಾಡಬೇಕು. ನಮ್ಮ ಬಲಬದಿ ಸ್ಟೀರಿಂಗಿನ ಕಾರುಗಳಲ್ಲಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂಬ ಕ್ರಮ. ಇಬ್ಬರು ಬೇಕು: ಒಬ್ಬ ಪೆಡಲ್ ಒತ್ತಲು, ಇನ್ನೊಬ್ಬ ನಿಪ್ಪಲ್, ಅಂದರೆ ಪ್ರತಿ ಚಕ್ರದ ಹಿಂದೆ ಏರ್ ಹೊರಬಿಡುವ ಸಣ್ಣ ತಿರುಪು, ಬಿಚ್ಚಿ ಮುಚ್ಚಲು. ಕಾಲು ಯಾರದು, ನಿಪ್ಪಲ್ ಯಾರದು ಎಂಬುದರಲ್ಲಿ ಗೊಂದಲವಿರಬಾರದು. ನಮ್ಮ ಮನೆಯಲ್ಲಿ ಪೆಡಲ್ ಮೇಲೆ ಕೂರುವವನು ಅಕ್ಕನ ಮಗ.

“ಮಾವ, ಒತ್ತಿದ್ದೇನೆ.”

“ಹಿಡಿದುಕೊ. ಈಗ ಬಿಚ್ಚುತ್ತೇನೆ.”

“ಇಳಿಯಿತು.”

“ಕಾಲು ಎತ್ತಬೇಡ. ಮುಚ್ಚಿದೆ. ಈಗ ನಿಧಾನವಾಗಿ ಬಿಡು.”

ಈ ಕೊನೆಯ ಸಾಲಿನಲ್ಲೇ ಕೆಲಸದ ಜೀವವಿದೆ. ನಿಪ್ಪಲ್ ಮುಚ್ಚುವ ಮೊದಲು ಕಾಲು ಎತ್ತಿದರೆ ಹೊರಬಂದ ಏರ್ ಮತ್ತೆ ಒಳಗೆ ಹೋಗುತ್ತದೆ. ಪಾರದರ್ಶಕ ಕೊಳವೆಯ ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಲಿ. ನಿಂತ ಕಾರಿನ ಹಿಂದಿನ ಎಡ ಚಕ್ರದಿಂದ ಮೊದಲು ಬರುವುದು ಕಷಾಯದ ಬಣ್ಣದ ಆಯಿಲ್, ಅದರಲ್ಲಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ತುಕ್ಕಿನ ಕಣಗಳು. ನಂತರ ಸಣ್ಣ ಗುಳ್ಳೆಗಳ ಸಾಲು. ಕೊನೆಗೆ ಹೊಸ ಆಯಿಲಿನ ತಿಳಿ ಹಳದಿ. ಬಣ್ಣ ತಿಳಿಯಾದ ಮೇಲೂ ಗುಳ್ಳೆ ನಿಲ್ಲದಿದ್ದರೆ ನಿಪ್ಪಲಿನ ದಾರದ ಸಂದಿಯಿಂದ ಗಾಳಿ ಎಳೆಯುತ್ತಿರಬಹುದು, ಅದನ್ನು ಲೈನಿನ ಏರ್ ಎಂದು ತಿಳಿದು ಆಯಿಲ್ ಖಾಲಿ ಮಾಡಬೇಡಿ.

ಪೆಡಲಿನ ಕೆಳಗೆ ಒಂದು ಮರದ ತುಂಡು ಇಡಿ, ಪೂರ್ತಿ ನೆಲಕ್ಕೆ ಹೋಗದಷ್ಟು ದಪ್ಪದ್ದು. ದಿನನಿತ್ಯದ ಓಡಾಟದಲ್ಲಿ ಪಿಸ್ಟನ್ ಹೋಗದ ಸಿಲಿಂಡರಿನ ಆಚೆ ಭಾಗದಲ್ಲಿ ತುಕ್ಕು ಕಟ್ಟಿರುತ್ತದೆ. ಏರ್ ತೆಗೆಯುವಾಗ ಕಪ್ಪನ್ನು ಅಲ್ಲಿಯವರೆಗೆ ತಳ್ಳಿದರೆ ಅದರ ಅಂಚು ಹರಿಯುತ್ತದೆ. “ನಿನ್ನೆಯವರೆಗೆ ಚೆನ್ನಾಗಿತ್ತು, ಏರ್ ತೆಗೆದ ಮೇಲೆ ಪೆಡಲ್ ಇಳಿಯುತ್ತಿದೆ” ಎಂಬ ದೂರಿಗೆ ಕಾರಣ ಬಹಳ ಸಲ ಇದೇ.

ತುಕ್ಕು ಹಿಡಿದ ನಿಪ್ಪಲಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಆರು ಮೂಲೆಯ ರಿಂಗ್ ಪಾನಾದಿಂದಲೇ ತಿರುಗಿಸಿ. ಇಂಚಿನ ಅಳತೆಯ ತಲೆಗೆ ಮಿಲಿಮೀಟರ್ ಪಾನಾ ಹಾಕಿದರೆ ಮೂಲೆ ಸವೆಯುತ್ತದೆ. ಕೆಲಸ ಮುಗಿದ ಮೇಲೆ ನಿಪ್ಪಲಿಗೆ ರಬ್ಬರ್ ಟೋಪಿ ಹಾಕಲು ಮರೆಯಬೇಡಿ. ಘಟ್ಟದ ಮೇಲಿನ ಕೆಸರು ಆ ಸಣ್ಣ ತೂತನ್ನು ಒಂದೇ ಮಳೆಗಾಲದಲ್ಲಿ ಮುಚ್ಚುತ್ತದೆ.

ಆಯಿಲ್ ಮತ್ತು ನಮ್ಮ ಹವೆ

ಗ್ಲೈಕಾಲ್ ಮೂಲದ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ ಎಂಬುದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 3 ಆಯಿಲ್ ಹೊಸತಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಸುಮಾರು 3.7 ಶೇಕಡಾ ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಅಂಕಿಗಳು 230 ಮತ್ತು 155. ಘಟ್ಟದ ಇಳಿಜಾರಿನಲ್ಲಿ ಡ್ರಮ್ ಕಾದಾಗ ಈ ವ್ಯತ್ಯಾಸವೇ ಜೀವ ಉಳಿಸುವುದು. ಕರಾವಳಿಯಲ್ಲಿ ಡಾಟ್ 4 ಹಾಕಿ ವರ್ಷಕ್ಕೊಮ್ಮೆ ಬದಲಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ. ದೀಪಾವಳಿ ಕಳೆದು ಹವೆ ಒಣಗಿದ ಮೇಲೆ ಮಾಡಿ. ಜೂನ್ ತಿಂಗಳಲ್ಲಿ ತೆರೆದ ಡಬ್ಬಿಯಲ್ಲಿ ಉಳಿದದ್ದನ್ನು ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ.

ಸಿಲಿಕೋನ್‌ನ ಡಾಟ್ 5 ತೇವ ಹೀರುವುದಿಲ್ಲ, ನಿಜ. ಆದರೆ ಒಳಗೆ ಸೇರಿದ ನೀರು ಅದರಲ್ಲಿ ಕರಗದೆ ತಗ್ಗಿನಲ್ಲಿರುವ, ಚಕ್ರದಲ್ಲಿ ಶೂ ತಳ್ಳುವ ವೀಲ್ ಸಿಲಿಂಡರಿಗೆ ಹೋಗಿ ಕೂರುತ್ತದೆ. ಗ್ಲೈಕಾಲ್ ಆಯಿಲಿನೊಂದಿಗೆ ಅದನ್ನು ಬೆರೆಸಲೇಬಾರದು.

ಹಳೆಯ ಕಾರು ಕೊಂಡಾಗ ಮೊದಲು ಮಾಡಬೇಕಾದ ಪರೀಕ್ಷೆಯೊಂದಿದೆ. ಮಾಸ್ಟರ್ ಸಿಲಿಂಡರಿನಿಂದ ಸ್ವಲ್ಪ ಆಯಿಲ್ ತೆಗೆದು ಗಾಜಿನ ಲೋಟದ ನೀರಿಗೆ ಬಿಡಿ. ಗ್ಲೈಕಾಲ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ. ಮೇಲೆ ತೇಲುವ ಪದರ ಕಂಡರೆ ಯಾರೋ ಎಂಜಿನ್ ಆಯಿಲನ್ನೋ ಬೇರೆ ಎಣ್ಣೆಯನ್ನೋ ಸುರಿದಿರಬಹುದು. ಖನಿಜ ತೈಲ ತಗುಲಿದ ಬ್ರೇಕ್ ರಬ್ಬರ್ ಊದಿ ಮೆತ್ತಗಾಗುತ್ತದೆ. ಆಗ ಕಪ್ಪುಗಳು, ಹೋಸ್‌ಗಳು, ಮುಚ್ಚಳದ ವಾಶರ್ ಎಲ್ಲವನ್ನೂ ಬದಲಿಸಿ ಪೈಪುಗಳನ್ನು ತೊಳೆಯಬೇಕು, ಅರ್ಧಂಬರ್ಧ ದಾರಿ ಇಲ್ಲ. ಇದೇ ಕಾರಣಕ್ಕೆ ಸಿಲಿಂಡರಿನ ಭಾಗಗಳನ್ನು ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಯಲ್ಲಿ ತೊಳೆಯಬಾರದು. ಹೊಸ ಬ್ರೇಕ್ ಆಯಿಲ್ ಅಥವಾ ಸ್ಪಿರಿಟ್ ಸಾಕು.

ಹಳೆಯ ಮಾದರಿಗಳಲ್ಲಿ ಮಾಸ್ಟರ್ ಸಿಲಿಂಡರ್ ಇರುವುದು ಚಾಲಕನ ಕಾಲಡಿ, ನೆಲದ ಕೆಳಗೆ. ಕಾರ್ಪೆಟ್ ಎತ್ತಿ ಮುಚ್ಚಳ ತೆಗೆದರೆ ಸಿಗುತ್ತದೆ. ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಚೆನ್ನಾಗಿ ಒರೆಸಿ. ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತಿರುತ್ತದೆ, ಅದು ತೆರೆದಿರಬೇಕು. ನಿಂತ ಕಾರಿನ ತೂತುಗಳಲ್ಲಿ ಕಣಜ ಮಣ್ಣಿನ ಗೂಡು ಕಟ್ಟುವುದು ನಮ್ಮಲ್ಲಿ ಮಾಮೂಲು.

ವೀಲ್ ಸಿಲಿಂಡರ್: ಕಿಟ್ ಹಾಕಬೇಕೋ, ಬದಲಿಸಬೇಕೋ

ಕೋಡಿಬಾಗದಲ್ಲಿ ಕಾಳಿ ನದಿಯ ಸಮೀಪ ನಿಂತಿದ್ದ ಕಾರೊಂದರ ವೀಲ್ ಸಿಲಿಂಡರನ್ನು ಬಿಚ್ಚಿ ಒರೆಸಿ ಬೆಳಕಿಗೆ ಹಿಡಿದಾಗ ಕಂಡದ್ದನ್ನು ಹೇಳುತ್ತೇನೆ. ಒಳಗೋಡೆಯ ಹೆಚ್ಚಿನ ಭಾಗ ಹೊಳೆಯುತ್ತಿತ್ತು. ಆದರೆ ಕಪ್ಪಿನ ಅಂಚು ಕೂರುವ ಗೆರೆಯಲ್ಲಿ, ಅದೂ ಕೆಳಮಗ್ಗುಲಿನಲ್ಲಿ, ಸೂಜಿಮೊನೆಯಷ್ಟು ಕಪ್ಪು ಗುಳಿಗಳ ಸಾಲಿತ್ತು. ಕಣ್ಣಿಗಿಂತ ಉಗುರಿಗೆ ಅದು ಚೆನ್ನಾಗಿ ಸಿಗುತ್ತದೆ. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಇದ್ದರೆ ಹೊಸ ಕಿಟ್, ಅಂದರೆ ರಬ್ಬರ್ ಭಾಗಗಳ ಸೆಟ್, ಹಾಕುವುದರಿಂದ ಪ್ರಯೋಜನವಿಲ್ಲ, ಹೊಸ ರಬ್ಬರಿನ ಅಂಚು ಆ ಗುಳಿಯ ಮೇಲೇ ಓಡಾಡಿ ಹರಿಯುತ್ತದೆ. ಸಿಲಿಂಡರ್ ಬದಲಿಸಿ, ಸಿಗದಿದ್ದರೆ ನಂಬಿಕಸ್ತ ಲೇತ್ ಕೆಲಸದವರಿಂದ ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಸ್ಲೀವ್ (ಒಳಕೊಳವೆ) ಹಾಕಿಸಿ. ಉಪ್ಪುಗಾಳಿಯ ಊರಿಗೆ ಸ್ಲೀವ್ ಹಾಕಿಸಿದ್ದೇ ಲೇಸು ಎನ್ನುತ್ತೇನೆ.

ಉಕ್ಕಿನ ಬ್ರೇಕ್ ಪೈಪುಗಳನ್ನೂ ಇದೇ ಶಂಕೆಯಿಂದ ನೋಡಿ. ಬಯಲಾಗಿರುವ ಭಾಗ ಚೆನ್ನಾಗಿದ್ದು, ಕ್ಲಿಪ್ಪಿನ ಅಡಿಯಲ್ಲಿ ಮರಳು ಕೂತು ಕೊರೆದಿರುತ್ತದೆ. ಕ್ಲಿಪ್ ಬಿಚ್ಚದೆ ಪೈಪ್ ಚೆನ್ನಾಗಿದೆ ಎಂದು ಹೇಳಲಾಗದು. ಬದಲಿಸುವುದಾದರೆ ತಾಮ್ರ ಮತ್ತು ನಿಕಲ್ ಮಿಶ್ರಲೋಹದ ಪೈಪ್ ಒಳ್ಳೆಯದು, ತುಕ್ಕು ಹಿಡಿಯುವುದಿಲ್ಲ. ಬರೀ ತಾಮ್ರ ಬೇಡ, ಅದುರಿ ಅದುರಿ ಬಿರುಸಾಗಿ ಬಿರುಕು ಬಿಡುತ್ತದೆ.

ಒಂದು ಬದಿಗೆ ಎಳೆಯುವುದು

ಮೊದಲು ಟೈರಿನ ಗಾಳಿ ನೋಡಿ, ಮುಂದಿನ ಸಸ್ಪೆನ್ಶನ್ ಸಡಿಲವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಒಂದು ಮಾತು ನೆನಪಿಡಿ: ಬ್ರೇಕ್ ಒತ್ತಿದಾಗ ಕಾರು ಎಡಕ್ಕೆ ಎಳೆದರೆ ಸಾಮಾನ್ಯವಾಗಿ ಎಡಚಕ್ರ ಹಿಡಿಯುತ್ತಿದೆ, ಬಲಚಕ್ರ ಹಿಡಿಯುತ್ತಿಲ್ಲ. ಬಿಚ್ಚಬೇಕಾದದ್ದು ಬಲಬದಿಯ ಡ್ರಮ್. ಒಳಗೆ ಲೈನಿಂಗ್ ಆಯಿಲನ್ನೋ ಗ್ರೀಸನ್ನೋ ಕುಡಿದಿರಬಹುದು, ಪಿಸ್ಟನ್ ಜಾಮ್ ಆಗಿರಬಹುದು. ಗ್ರೀಸ್ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು, ಸುಟ್ಟು ಒಣಗಿಸಿ ಮತ್ತೆ ಹಾಕುವ ರೂಢಿಯಿದೆ. ಕಾದಾಗ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ. ಹೊಸ ಲೈನಿಂಗ್ ಹಾಕಿಸಿ, ಎರಡೂ ಬದಿಗೆ ಒಟ್ಟಿಗೆ.

ಡ್ರಮ್ ತೆಗೆದಾಗ ಕಾಣುವ ಧೂಳನ್ನು ಕಂಪ್ರೆಸರಿನಿಂದ ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್‌ವರೆಗಿನ ಕಾಯಿಲೆ ತರುತ್ತದೆ. ಸರಿಯಾದ ಮಾಸ್ಕ್ ಹಾಕಿಕೊಂಡು, ನೀರು ಸಿಂಪಡಿಸಿ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಮಕ್ಕಳು ಆಡುವ ಅಂಗಳದಲ್ಲಿ ಈ ಕೆಲಸ ಬೇಡ.

ಬಿಟ್ಟರೂ ಬಿಡದ ಬ್ರೇಕ್

ಚಕ್ರ ಹಿಡಿದುಕೊಂಡಿರುವಾಗಲೇ, ಕಾರನ್ನು ಸ್ಟ್ಯಾಂಡ್ ಮೇಲಿಟ್ಟು, ಆ ಚಕ್ರದ ನಿಪ್ಪಲ್ ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಡುಗಡೆಯಾದರೆ ಒತ್ತಡ ಒಳಗೆ ಸಿಕ್ಕಿಕೊಂಡಿದೆ. ಬಿಡದಿದ್ದರೆ ಸ್ಪ್ರಿಂಗ್, ಜಾಮ್ ಆದ ಪಿಸ್ಟನ್ ಅಥವಾ ಹ್ಯಾಂಡ್ ಬ್ರೇಕ್ ಕೇಬಲ್ ನೋಡಿ. ಒಂದೇ ಚಕ್ರದಲ್ಲಿ ಒತ್ತಡ ಸಿಕ್ಕಿಕೊಂಡರೆ ಹೋಸಿನ ಒಳಪದರ ಬಾತು ಆಯಿಲನ್ನು ಹಿಂದಕ್ಕೆ ಬಿಡುತ್ತಿಲ್ಲ, ಹೊರಗಿನಿಂದ ಹೋಸ್ ಹೊಸದರಂತೆ ಕಾಣಬಹುದು. ನಾಲ್ಕೂ ಚಕ್ರ ಹಿಡಿದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ಪೆಡಲಿನಿಂದ ತಳ್ಳುವ ಪುಶ್‌ರಾಡ್ ನೋಡಿ. ಅದಕ್ಕೂ ಪಿಸ್ಟನ್ನಿಗೂ ನಡುವೆ ಒಂದು ಮಿಲಿಮೀಟರಿನಷ್ಟು ಬಿಡುವಿರಬೇಕು. ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಆಯಿಲ್ ವಾಪಸಾಗುವ ಸೂಕ್ಷ್ಮ ತೂತು ಮುಚ್ಚಿಯೇ ಇರುತ್ತದೆ, ಕಾರು ಓಡಿ ಕಾದಂತೆಲ್ಲ ಬ್ರೇಕ್ ಬಿಗಿಯುತ್ತ ಹೋಗುತ್ತದೆ.

ಮಳೆಗಾಲದ ಬೆಳಿಗ್ಗೆ ಮೊದಲ ಒಂದೆರಡು ಬ್ರೇಕ್ ಗಕ್ಕನೆ ಹಿಡಿಯುವುದು ರೋಗವಲ್ಲ. ರಾತ್ರಿ ಡ್ರಮ್ಮಿಗೆ ಕಟ್ಟಿದ ತುಕ್ಕಿನ ಪೊರೆ ಅದು, ಉಜ್ಜಿ ಹೋಗುತ್ತದೆ.

ಗಟ್ಟಿ ಪೆಡಲ್, ನಿಲ್ಲದ ಕಾರು

ಲೈನಿಂಗ್ ಗಾಜಿನಂತೆ ನುಣುಪಾಗಿದೆಯೇ, ಎಣ್ಣೆ ಕುಡಿದಿದೆಯೇ, ಡ್ರಮ್ಮಿನ ಬಾಗಿಗೆ ಸರಿಯಾಗಿ ಕೂರದೆ ಮಧ್ಯದಲ್ಲಿ ಮಾತ್ರ ತಗುಲುತ್ತಿದೆಯೇ ನೋಡಿ. ಲೈನಿಂಗ್ ಮೇಲೆ ಸೀಮೆಸುಣ್ಣ ಸವರಿ, ಡ್ರಮ್ ಹಾಕಿ ತಿರುಗಿಸಿ ಬಿಚ್ಚಿದರೆ ತಗುಲಿದ ಜಾಗ ಕಾಣುತ್ತದೆ.

ಅಂಬಾಸಿಡರ್ ಜೋಡಿಸುವವರನ್ನು ಗೊಂದಲಕ್ಕೆ ದೂಡುವ ದೋಷ ಬೇರೆಯೇ ಇದೆ. ಅದರ ಮುಂದಿನ ಡ್ರಮ್ಮಿನಲ್ಲಿ ಎರಡು ವೀಲ್ ಸಿಲಿಂಡರ್‌ಗಳಿದ್ದು, ಕಾರು ಮುಂದೆ ಚಲಿಸುವಾಗ ಡ್ರಮ್ಮಿನ ತಿರುಗುವಿಕೆಯೇ ಎರಡೂ ಶೂಗಳನ್ನು ಇನ್ನಷ್ಟು ಹೊರಕ್ಕೆ, ಡ್ರಮ್ಮಿಗೆ ಒತ್ತುತ್ತದೆ. ಬಿಚ್ಚಿ ಜೋಡಿಸುವಾಗ ಎಡಬಲದ ಭಾಗಗಳು ಅದಲುಬದಲಾದರೆ ಈ ಸಹಾಯ ಉಲ್ಟಾ ಆಗುತ್ತದೆ. ಎಲ್ಲವೂ ಹೊಸದು, ಪೆಡಲ್ ಗಟ್ಟಿ, ಸೋರಿಕೆಯಿಲ್ಲ, ಆದರೂ ಕಾರು ನಿಲ್ಲುವುದಿಲ್ಲ. ಖಾಲಿ ಮೈದಾನದಲ್ಲಿ ರಿವರ್ಸ್ ಓಡಿಸಿ ಬ್ರೇಕ್ ಒತ್ತಿ. ಮುಂದಕ್ಕಿಂತ ಹಿಂದಕ್ಕೆ ಹೋಗುವಾಗ ಚೆನ್ನಾಗಿ ಹಿಡಿದರೆ ಇದೇ ದೋಷ. ಸರಿಯಾಗಿ ಜೋಡಿಸಿದ ಕಾರಿನಲ್ಲಿ ಮುಂದಿನ ಬ್ರೇಕ್ ಹಿಂದಕ್ಕೆ ಹೋಗುವಾಗಲೇ ದುರ್ಬಲ. ಘಟ್ಟದ ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ನಿಲ್ಲಿಸಲು ಪೆಡಲನ್ನು ಹೆಚ್ಚು ಒತ್ತಬೇಕಾಗುವುದು ಅದಕ್ಕೇ.

ಅಡ್ಜಸ್ಟ್ ಮಾಡುವಾಗ ಮುಂದಿನ ಪ್ರತಿ ಚಕ್ರದಲ್ಲಿ ಎರಡು ಅಡ್ಜಸ್ಟರ್‌ಗಳಿವೆ ಎಂಬುದನ್ನು ಮರೆಯಬೇಡಿ. ಒಂದನ್ನೇ ತಿರುಗಿಸಿ ಬಿಟ್ಟರೆ ಒಂದೇ ಶೂ ಕೆಲಸ ಮಾಡುತ್ತದೆ. ಚಕ್ರ ನಿಲ್ಲುವವರೆಗೆ ಬಿಗಿ ಮಾಡಿ, ಪೆಡಲ್ ಜೋರಾಗಿ ಒತ್ತಿ ಶೂ ಮಧ್ಯಕ್ಕೆ ಬರುವಂತೆ ಮಾಡಿ, ಚಕ್ರ ಸರಾಗವಾಗಿ ತಿರುಗುವವರೆಗೆ ಒಂದೊಂದೇ ಹಲ್ಲು ಸಡಿಲಿಸಿ.

ಡಿಸ್ಕ್ ಹಾಕುವ ಮೊದಲು

ಡ್ರಮ್ ಸರಿಯಿಲ್ಲ ಎಂದು ಡಿಸ್ಕ್ ಹಾಕಲು ಹೊರಡಬೇಡಿ. ಮೇಲೆ ಹೇಳಿದಂತೆ ಸರಿಮಾಡಿದ ಡ್ರಮ್‌ಗಳು ಈ ಕಾರನ್ನು ಚೆನ್ನಾಗಿಯೇ ನಿಲ್ಲಿಸುತ್ತವೆ. ಬದಲಾವಣೆ ಮಾಡಲೇಬೇಕೆಂದಿದ್ದರೆ ಮೊದಲನೆಯದು ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಆಗಿರಲಿ. ಒಂದು ಲೈನ್ ಹೋದರೂ ಇನ್ನೊಂದು ಉಳಿಯುತ್ತದೆ, ಇದಕ್ಕಿಂತ ದೊಡ್ಡ ಸುರಕ್ಷತೆ ಬೇರೊಂದಿಲ್ಲ.

ಡಿಸ್ಕ್ ಹಾಕಿದ ಮೇಲೆ ಮುಂದಿನ ಚಕ್ರಗಳು ಸದಾ ಉಜ್ಜುತ್ತಿದ್ದರೆ ಕಾರಣ ಹಳೆಯ ಮಾಸ್ಟರ್ ಸಿಲಿಂಡರಿನ ತುದಿಯಲ್ಲಿರುವ ವಾಲ್ವ್. ಡ್ರಮ್ಮಿಗೆಂದು ಅದು ಲೈನಿನಲ್ಲಿ ಸುಮಾರು 10 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಉಳಿಸಿಕೊಳ್ಳುತ್ತದೆ. ಡಿಸ್ಕಿಗೆ ಅದು ಹೆಚ್ಚು. ಎಂಜಿನ್ನಿನ ವ್ಯಾಕ್ಯೂಮ್‌ನಿಂದ ಪೆಡಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಹಾಕಿದ್ದರೆ ಎಂಜಿನ್ ಬಂದ್ ಮಾಡಿ ಹಲವು ಸಲ ಪಂಪ್ ಮಾಡಿ, ಕಾಲು ಪೆಡಲ್ ಮೇಲಿಟ್ಟು ಎಂಜಿನ್ ಚಾಲೂ ಮಾಡಿ. ಪೆಡಲ್ ತುಸು ಇಳಿಯಬೇಕು, ಇಳಿಯದಿದ್ದರೆ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಪೈಪ್ ಕೆಟ್ಟಿದೆ.

ಬೇರೆ ಕಾರಿನ ಭಾಗ ತರುವವರು ದಾರದ ಅಳತೆ ನೋಡಲೇಬೇಕು. ಅಂಬಾಸಿಡರಿನದು ಇಂಚಿನ ದಾರ, ಇಂದಿನ ಕಾರುಗಳದು ಮೆಟ್ರಿಕ್. 3/8 ಇಂಚಿನ ನಟ್ 10 ಮಿಲಿಮೀಟರಿನ ರಂಧ್ರದೊಳಗೆ ಹೋಗಿ ಕೂರುತ್ತದೆ, ಸ್ವಲ್ಪ ಬಿಗಿಯೂ ಆಗುತ್ತದೆ. ಜೋರಾಗಿ ಬ್ರೇಕ್ ಹಾಕಿದ ದಿನ ಕಿತ್ತು ಬರುತ್ತದೆ.

ಕಾನೂನಿನ ವಿಷಯವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 50 ವರ್ಷ ದಾಟಿದ ಕಾರಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಬೇಕಿದ್ದರೆ ಅದು ಮೂಲ ರೂಪದಲ್ಲಿಯೇ ಇರಬೇಕು. ಕಾರವಾರ ಅಥವಾ ಶಿರಸಿಯ ಸಾರಿಗೆ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದು ಮುಂದುವರಿಯಿರಿ.

ರಸ್ತೆಯ ಪರೀಕ್ಷೆ

ಮೊದಲು ಅಂಗಳದಲ್ಲಿ, ನಂತರ ಊರೊಳಗಿನ ಸಮತಟ್ಟು ರಸ್ತೆಯಲ್ಲಿ, ಎಲ್ಲಕ್ಕೂ ಕೊನೆಗೆ ಘಟ್ಟ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವಾಗ ಎರಡನೆಯ ಗೇರಿನಲ್ಲಿರಿ, ಎಂಜಿನ್ ಕಾರನ್ನು ತಡೆಯಲಿ. ನಡುವೆ ಬ್ರೇಕ್ ಕೈಕೊಡತೊಡಗಿದರೆ ಪೆಡಲ್ ಹೇಗಿದೆ ಎಂದು ಗಮನಿಸಿ. ಗಟ್ಟಿಯಿದ್ದೂ ಹಿಡಿಯದಿದ್ದರೆ ಲೈನಿಂಗ್ ಕಾದು ಹಿಡಿತ ಕಳೆದುಕೊಂಡಿದೆ. ಮೆತ್ತಗಾಗಿ ಕೆಳಗಿಳಿದರೆ ಆಯಿಲ್ ಕುದಿದಿದೆ. ಎರಡರಲ್ಲಿಯೂ ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಹಂತಹಂತವಾಗಿ ಎಳೆದು ಬದಿಗೆ ನಿಲ್ಲಿಸಿ, ಚಕ್ರದಡಿ ಕಲ್ಲಿಟ್ಟು ತಣಿಯುವವರೆಗೆ ಕಾಯಿರಿ. ಬಿಸಿ ಡ್ರಮ್ಮಿನ ಮೇಲೆ ನೀರು ಸುರಿಯಬೇಡಿ, ಎರಕದ ಕಬ್ಬಿಣ ಬಿರುಕು ಬಿಡುತ್ತದೆ.

ಯಾವ ತೊಂದರೆಯೂ ಇಲ್ಲದೆ ಇಳಿದರೆ ಕತಗಾಲದಲ್ಲಿ ಕಾರು ನಿಲ್ಲಿಸಿ. ನಾಲ್ಕೂ ಚಕ್ರದ ಬಳಿ ಅಂಗೈಯನ್ನು ಡ್ರಮ್ಮಿನ ಹತ್ತಿರ, ಮುಟ್ಟದೆ, ಹಿಡಿದು ನೋಡಿ. ಮುಂದಿನ ಎರಡು ಒಂದೇ ಸಮ ಕಾದಿರಬೇಕು, ಹಿಂದಿನ ಎರಡು ಅದಕ್ಕಿಂತ ಕಡಿಮೆ, ಅವೂ ಒಂದೇ ಸಮ. ಜೋಡಿಯಲ್ಲಿ ಒಂದು ತಣ್ಣಗಿದ್ದರೆ ಅಲ್ಲಿ ಬ್ರೇಕ್ ಹಿಡಿದಿಲ್ಲ. ಒಂದು ಅತಿಯಾಗಿ ಕಾದಿದ್ದರೆ ಅಲ್ಲಿ ಬ್ರೇಕ್ ಬಿಟ್ಟಿಲ್ಲ. ಆ ಚಕ್ರವನ್ನು ಗುರುತು ಮಾಡಿಕೊಂಡು ಮನೆಗೆ ಹೋದ ಮೇಲೆ ಅದರ ನಿಪ್ಪಲಿನಿಂದಲೇ ಪರೀಕ್ಷೆ ಶುರುಮಾಡಿ.